ಇಟಲಿಯ ಹಾಡಿಗೆ ಹೃಷಿಕೇಶನ ಅಕ್ಷರ

ಇಟಲಿಯಿಂದ ಬಂದಿದ್ದ ಹಾಸ್ಯ ಒಪೆರಾ ತಂಡದಲ್ಲಿ, ಹಾಡಿನ ಅರ್ಥವನ್ನು ರಂಗದ ಮೇಲಿನ ಪರದೆಯಲ್ಲಿ ಮೂಡಿಸುವವನೊಬ್ಬನಿದ್ದ. ವಡೋದರಾದಲ್ಲಿ ಆಟವಿದ್ದ ದಿನ ಬೆಳಿಗ್ಗೆ ಅವನು ಫತೇಗಂಜ್‌ನ ತಿಂಡಿಗಾಡಿಯೊಂದರ ಮುಂದೆ ನಿಂತು, ರುಚಿಗೆ ಮರುಳಾಗಿ, ಖಾರದ ಸೇವ್ ಉಸಳ್ ಮೂರು ಪ್ಲೇಟ್ ಹೊಡೆದ. ಮಧ್ಯಾಹ್ನದ ಹೊತ್ತಿಗೆ ಬಚ್ಚಲು ಬಿಟ್ಟು ಹೊರಬರುವ ಸ್ಥಿತಿಯಲ್ಲಿರಲಿಲ್ಲ.

ಆಪತ್ತು ಬಂದು ಕೂತದ್ದು ಹೃಷಿಕೇಶನ ತಲೆಯ ಮೇಲೆ. ಅಪ್ಪನ ಬ್ಯಾಂಕ್ ವರ್ಗಾವಣೆಯಿಂದ ಇದೇ ಊರಿನ ಮಂಜಲ್‌ಪುರಕ್ಕೆ ಬಂದು ಎಂಜಿನಿಯರಿಂಗ್ ಓದುತ್ತಿದ್ದ ಈ ಹುಡುಗ, ಒಪೆರಾ ಎಂದರೆ ಮೊಬೈಲಿನ ಬ್ರೌಸರ್ ಎಂದುಕೊಂಡಿದ್ದ. ಅವನನ್ನು ಎಳೆದು ತಂದವಳು ನೆರೆಮನೆಯ ಸಂಜನಾ. ಪಾಶ್ಚಾತ್ಯ ಸಂಗೀತ, ಅದರ ಜೊತೆಗೆ ಇಟಾಲಿಯನ್ನೂ ಕಲಿಯುತ್ತಿದ್ದ ಅವಳಿಗೆ ಆಟದಲ್ಲಿ ದಾಸಿಯ ಪಾತ್ರ ಸಿಕ್ಕಿತ್ತು. ಅವಳ ಮೊದಲ ರಂಗಪ್ರವೇಶ.

"ಅವರು ಒಂದು ಸಾಲು ಹಾಡ್ತಾರೆ, ನೀನು ಒಂದು ಸಲ ಬಟನ್ ಒತ್ತು. ಗುಜರಾತಿಯಲ್ಲಿ ಅರ್ಥ ಬರುತ್ತೆ. ಅಷ್ಟೇ ಕಣೋ!"

ಸಭಾಂಗಣದ ಹಿಂದಿನ ಪುಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ. ಮುದುಕ ಜಮೀನ್ದಾರನ ವೇಷದ ದಢೂತಿ ಗಾಯಕ ಬಾಯಿ ತೆರೆದದ್ದೇ ತಡ, ಹೃಷಿಕೇಶ ಕುರ್ಚಿಯಿಂದ ಅರ್ಧ ಅಡಿ ಹಾರಿದ. ಮೈಕೂ ಇಲ್ಲದೆ, ಕುಕ್ಕರಿನ ವಾಲ್ವ್ ಕಿತ್ತುಬಂದಂಥ ದನಿ! ಪರದೆಯಲ್ಲಿ "ನಾನಿನ್ನು ಹೊರಡುತ್ತೇನೆ" ಎಂದು ಮೂಡಿತು. ಗಾಯಕ ಮಾತ್ರ ಹೊರಡಲಿಲ್ಲ. ಅದನ್ನೇ ಏರಿಸಿ ಹಾಡಿದ, ಇಳಿಸಿ ಹಾಡಿದ, ಬಾಗಿಲವರೆಗೆ ಹೋಗಿ ವಾಪಸು ಬಂದು ಹಾಡಿದ.

ಅಷ್ಟರಲ್ಲಿ ತಂಡಕ್ಕೆ ಕಾಫಿ ಕೊಡುತ್ತಿದ್ದ ಉಡುಪಿ ಹೋಟೆಲಿನ ದಾಮೋದರ ಶೆಟ್ಟರು ಫ್ಲಾಸ್ಕ್ ಹಿಡಿದು ಒಳಗೆ ಬಂದರು.

"ಎಂತ ಮಾರಾಯ, ಅವ ಅಷ್ಟು ಹಾಡಿಯಾಯ್ತು, ನಿನ್ನದು ಇನ್ನೂ ಒಂದೇ ಸಾಲು! ಒತ್ತು!"

"ಅಂಕಲ್, ಅದೇ ಸಾಲು ಅನ್ಸುತ್ತೆ..."

"ಒಂದೇ ಸಾಲನ್ನು ಯಾರಾದ್ರೂ ಎಂಟು ನಿಮಿಷ ಹಾಡ್ತಾರಾ? ಅವರಿಗೆಂತ ಮಂಡೆ ಸಮ ಇಲ್ವಾ? ಒತ್ತು, ಒತ್ತು!"

ಹೃಷಿಕೇಶ ಒತ್ತಿದ. ಗಾಯಕ ಉಸಿರೆಳೆದಾಗಲೆಲ್ಲ ಒತ್ತಿದ. ಪರದೆ ಹಾಡನ್ನು ಹಿಂದೆ ಬಿಟ್ಟು ಮುಂದಿನ ದೃಶ್ಯಕ್ಕೇ ಜಿಗಿದುಬಿಟ್ಟಿತು.

ಕೆಳಗೆ ಮುದುಕ ಮೊಣಕಾಲೂರಿ ನಾಯಕಿಗೆ ಗುಲಾಬಿ ಚಾಚಿದ. ಮೇಲೆ ಪರದೆಯಲ್ಲಿ: "ಈ ಹಳೇ ಬೀರುವನ್ನು ಮೊದಲು ಹೊರಗೆ ಸಾಗಿಸಿ."

ಸಭೆ ಗೊಳ್ಳೆಂದಿತು. ಹೃಷಿಕೇಶ ಗಾಬರಿಯಲ್ಲಿ ಹಿಂದಕ್ಕೆ ಒತ್ತಿದ, ಮುಂದಕ್ಕೆ ಒತ್ತಿದ. ನಾಯಕಿ ಎದೆಯ ಮೇಲೆ ಕೈಯಿಟ್ಟು ಕಣ್ಣೀರು ಸುರಿಸುತ್ತ ಹಾಡಿದಳು. ಮೇಲೆ: "ಅಯ್ಯೋ, ನನ್ನ ಮೀಸೆ ಎಲ್ಲಿ ಬಿತ್ತು?"

"ನಾನು ಬರ್ತೇನೆ ಮಾರಾಯ, ಹೋಟೆಲಲ್ಲಿ ಇಡ್ಲಿಗೆ ಇಟ್ಟಿದ್ದೇನೆ," ಎಂದು ಶೆಟ್ಟರು ಫ್ಲಾಸ್ಕ್ ಸಮೇತ ಮಾಯವಾದರು.

ಆಗ ಸಂಜನಾ ಸೂಪಿನ ಬೋಗುಣಿ ಹಿಡಿದು ರಂಗಕ್ಕೆ ಬಂದಳು. ತಿಂಗಳಿನಿಂದ ಅಭ್ಯಾಸ ಮಾಡಿದ್ದ ತನ್ನ ಒಂದೇ ಒಂದು ಸಾಲನ್ನು ಕಣ್ಣುಮುಚ್ಚಿ ಹಾಡತೊಡಗಿದಳು. ಮೇಲೆ: "ಕುದುರೆಗೆ ಕುಡಿಸಿ. ಅದೂ ಕುಡಿಯದಿದ್ದರೆ ಚೆಲ್ಲಿ."

ಜನ ಕುರ್ಚಿಯಿಂದ ಜಾರುವಂತೆ ನಕ್ಕರು. ಏಕೆಂದು ತಿಳಿಯದೆ ಸಂಜನಾ ಕಣ್ಣು ತೆರೆದಳು, ತಿರುಗಿ ಪರದೆ ನೋಡಿದಳು. ಅವಳ ದನಿ ನಡುದಾರಿಯಲ್ಲೇ ಬಿದ್ದುಹೋಯಿತು.

ತೆರೆ ಬಿದ್ದಾಗ ಹೃಷಿಕೇಶ ಮೇಜಿನ ಕೆಳಗಿದ್ದ. ಬಾಗಿಲು ಧಡಾರನೆ ತೆರೆಯಿತು. ಸಂಜನಾ, ಅವಳ ಹಿಂದೆ ಆಳೆತ್ತರದ ನಿರ್ದೇಶಕಿ.

"ಇವನೇ," ಎಂದಳು ಸಂಜನಾ.

ನಿರ್ದೇಶಕಿ ಅವನನ್ನು ಎಳೆದು ನಿಲ್ಲಿಸಿದಳು. ಹೃಷಿಕೇಶ ಏಟಿಗೆ ಸಿದ್ಧನಾಗಿ ಕಣ್ಣುಮುಚ್ಚಿದ. ಎರಡೂ ಕೆನ್ನೆಗೆ ಬಿದ್ದದ್ದು ಮುತ್ತು! ಆಮೇಲೆ ಇಟಾಲಿಯನ್ನಿನ ಪ್ರವಾಹ. ಸಂಜನಾ ಹಲ್ಲು ಕಚ್ಚಿಕೊಂಡು ಅನುವಾದಿಸಿದಳು.

"ಇಪ್ಪತ್ತು ವರ್ಷದಲ್ಲಿ ಜನ ಇಷ್ಟು ನಕ್ಕಿದ್ದೇ ಇಲ್ವಂತೆ. ನಾಳೆ ಸೂರತ್, ನಾಡಿದ್ದು ಅಹಮದಾಬಾದ್. ನೀನೇ ಬರ್ಬೇಕಂತೆ."

ಹೃಷಿಕೇಶನಿಗೆ ಹೋದ ಜೀವ ಬಂದಂತಾಯಿತು.

"ಒಂದೇ ಷರತ್ತು," ಎಂದಳು ಸಂಜನಾ. "ಇವತ್ತು ಯಾವ ಸಾಲು ಎಲ್ಲೆಲ್ಲಿ ಬಂತೋ, ಅಲ್ಲಲ್ಲೇ ಬರ್ಬೇಕು. ಒಂದಕ್ಷರ ಆಚೀಚೆ ಆಗಬಾರದಂತೆ."

ಯಾವ ತಪ್ಪು ಮೊದಲು, ಯಾವುದು ಆಮೇಲೆ? ಹೃಷಿಕೇಶನಿಗೆ ಒಂದೂ ನೆನಪಿರಲಿಲ್ಲ.