ನಮ್ಮ ಬಾವಿಯಲ್ಲಿ ಸಿಕ್ಕಿದ ಎಟ್ಟಿ

ಅಬ್ದುಲ್ ಶುಕೂರ್ ಕಳೆದ ಶುಕ್ರವಾರ ಬೆಳಿಗ್ಗೆ ತೀರಿಕೊಂಡರು. ಪಾಣೆಮಂಗಳೂರು ಪೇಟೆಯಲ್ಲಿ ಜವಳಿ ಅಂಗಡಿ ಇದ್ದ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸಲ್ಮಾನರು. ರಸ್ತೆಯ ಆಚೆ ಬದಿಯ ನನ್ನ ನೆರೆಯವರು. ಮಣ್ಣು ಮಾಡಿ ಬಂದ ಮೇಲೆ ಅವರ ಹೆಂಡತಿ ಜೈನಬಮ್ಮ ಬಾಗಿಲ ಮರೆಯಿಂದ ನನಗೆ ಹೇಳಿದರು: "ಮಾಸ್ಟ್ರೇ, ನೀವು ಪೇಪರಿಗೆ ಬರೆಯುವವರು. ಇವರ ಬಗ್ಗೆ ಬರೆಯುವುದಾದರೆ ಆ ಎಟ್ಟಿಯ ಕತೆ ಬರೆಯಿರಿ. ದೊಡ್ಡ ಮನುಷ್ಯ, ಧರ್ಮಿಷ್ಠ ಅಂತೆಲ್ಲ ಬರೆದರೆ ಇವರು ಅಲ್ಲಿಂದಲೇ ನಗಾಡಿಯಾರು."

ಎಟ್ಟಿ ಎಂದರೆ ಸಿಗಡಿ. ಪುಸ್ತಕದಲ್ಲಿ ಸಿಗಡಿ, ನಮ್ಮ ಬಾಯಲ್ಲಿ ಎಟ್ಟಿ.

ಐವತ್ತಾರನೆಯ ಇಸವಿಯ ಎಪ್ರಿಲಿನಲ್ಲಿ ನಾನೊಂದು ಪ್ರತಿಜ್ಞೆ ಮಾಡಿದೆ. ಹೆಂಡತಿಯ ಸೋದರಮಾವನಿಗೆ ನಾನೇ ಕೈಯಾರೆ ಅಡುಗೆ ಮಾಡಿ ಬಡಿಸುತ್ತೇನೆ ಎಂದು. ದಂಡೆತ್ತಿ ಹೊರಟ ರಾಜನೂ ಅಷ್ಟು ಗಟ್ಟಿಯಾಗಿ ಹೇಳಿರಲಾರ. ಅದುವರೆಗೆ ನಾನು ಮಾಡಿದ ಅಡುಗೆ ಎಂದರೆ ಗಂಜಿ. ಅದೂ ಸೀದ ಗಂಜಿ.

ಪ್ರತಿಜ್ಞೆಗೆ ಕಾರಣ ಇತ್ತು. ಹೆರಿಗೆಗೆಂದು ಮೂಡಬಿದ್ರೆಯ ತವರಿಗೆ ಹೋದ ಪದ್ಮಾಕ್ಷಿ, ಮಗುವಿಗೆ ಐದು ತಿಂಗಳಾದರೂ ಬಂದಿರಲಿಲ್ಲ. ಅವಳಿಗೆ ಬರುವ ಮನಸ್ಸಿತ್ತು. ಕಳುಹಿಸಬೇಕಾದವರು ಸೋದರಮಾವ ನೋಣಯ್ಯ. ನಮ್ಮ ಅಳಿಯಕಟ್ಟಿನಲ್ಲಿ ಹೆಣ್ಣು, ಅವಳ ಮಕ್ಕಳು ಎಲ್ಲ ತಾಯಿಯ ಮನೆಯ ಲೆಕ್ಕಕ್ಕೆ. ಗಂಡ ಎಂದರೆ ಹೆಚ್ಚುಕಡಿಮೆ ಒಬ್ಬ ನೆಂಟ. ಸೋದರಮಾವ ಬೇಡ ಎಂದರೆ ಬೇಡ. "ಆ ಮಾಸ್ಟ್ರು ಪುಸ್ತಕ ಓದುತ್ತಾ ಒಲೆ ಆರಿಸುವ ಜನ. ಎಳೆಮಗುವನ್ನು ಅಲ್ಲಿಗೆ ಹೇಗೆ ಕಳುಹಿಸುವುದು? ನಾನೇ ಹೋಗಿ ಮನೆ ನೋಡುತ್ತೇನೆ. ಸರಿ ಕಾಣದಿದ್ದರೆ ಅವಳು ಇಲ್ಲೇ ಇರಲಿ" ಎಂದು ಅವರು ಹೇಳಿದ್ದು ಬಸ್ಸಿನವರ ಬಾಯಿಯಿಂದ ನನಗೆ ತಲುಪಿತ್ತು. ಆ ದಿನದಿಂದ ನನಗೆ ನಿದ್ದೆ ಇಲ್ಲ.

ಶುಕೂರ್ ಅಂಗಡಿಯಲ್ಲಿ ಬಟ್ಟೆ ಮಡಚುತ್ತಾ ಕೇಳಿದರು, "ಏನು ಮಾಡುತ್ತೀರಿ ಬಡಿಸಲಿಕ್ಕೆ?"

"ಕೋಳಿ ಮಾಡುವ ಅಂತ."

"ಕೋಳಿಗೆ ಮಸಾಲೆ ಅರೆಯಬೇಕು. ನಿಮಗೆ ಅರೆಯಲಿಕ್ಕೆ ಗೊತ್ತುಂಟಾ?"

"ಇಲ್ಲ."

"ಮೀನು ಸಾರಿಗೂ ಅರೆಯಬೇಕು. ಹಾಗಾದರೆ ಒಂದೇ ದಾರಿ. ಎಟ್ಟಿ." ಅವರು ಗಜಕೋಲನ್ನು ರಾಜದಂಡದ ಹಾಗೆ ಹಿಡಿದುಕೊಂಡರು. "ಬೊಂಬಾಯಿಯ ದೊಡ್ಡ ಹೋಟೆಲಿನಲ್ಲಿ ಎರಡು ವರ್ಷ ಇದ್ದವ ನಾನು. ಅಲ್ಲಿ ದೊರೆಗಳಿಗೆ ಕೊಡುತ್ತಿದ್ದದ್ದು ಇದನ್ನೇ. ತುಪ್ಪ, ಬೆಳ್ಳುಳ್ಳಿ, ಕಾಳುಮೆಣಸು, ಕೊನೆಗೆ ಲಿಂಬೆ ಹಿಂಡುವುದು. ಅರೆಯುವ ಕಲ್ಲನ್ನು ಮುಟ್ಟುವುದೇ ಬೇಡ. ನಿಮ್ಮ ಮಾವ ಎಲೆಯ ಮುಂದೆ ಕೂತ ಮೇಲೆ ಬಾಣಲೆ ಇಡಬೇಕು, ಅವರು ಉಪ್ಪಿನಕಾಯಿ ನೆಕ್ಕುವಷ್ಟರಲ್ಲಿ ಬಡಿಸಬೇಕು. ಅದರ ಗಮ್ಮತ್ತೇ ಅದು."

"ಕೆಟ್ಟುಹೋದರೆ?"

"ಕೆಡಲಿಕ್ಕೆ ಅದಕ್ಕೆ ಪುರುಸೊತ್ತು ಎಲ್ಲಿ ಉಂಟು ಮಾರಾಯ್ರೇ?"

ಮಾವ ಬರುವ ದಿನ ಸೋಮವಾರವೂ ಅಲ್ಲ, ಸಂಕ್ರಮಣವೂ ಅಲ್ಲ. ಎಟ್ಟಿಗೆ ಯಾವ ಅಡ್ಡಿಯೂ ಇರಲಿಲ್ಲ. ಮೀನಿನ ಸೇಸಮ್ಮ ಬೆಳಿಗ್ಗೆಯೇ ಬುಟ್ಟಿ ಇಳಿಸಿ ಹೋದಳು. ಶುಕೂರ್ ಅಂಗಡಿಯ ಬಾಗಿಲು ಹಾಕಿ ಬಂದರು. ಇಬ್ಬರೂ ಹಿಂದಿನ ಜಗಲಿಯಲ್ಲಿ ಕೂತು ಎಟ್ಟಿ ಸುಲಿದೆವು. ಸುಲಿದೆವು ಎನ್ನುವುದಕ್ಕಿಂತ ಒಂದು ಯುದ್ಧ ನಡೆಯಿತು ಎನ್ನಬೇಕು. ಗಾಯವಾದದ್ದು ನಮ್ಮ ಕಡೆಗೆ. ಮತ್ತೆ ತೊಳೆದೆವು. ಮುಂಜಾನೆ ಸೇದಿ ಇಟ್ಟಿದ್ದ ಎರಡು ಕೊಡಪಾನ ನೀರೂ ಅದಕ್ಕೇ ಮುಗಿಯಿತು. ಉಪ್ಪು, ಅರಶಿನ ಹಚ್ಚಿ ಹಿಡಿ ಇರುವ ಹಿತ್ತಾಳೆ ಪಾತ್ರೆಗೆ ತುಂಬಿದ್ದಾಯಿತು.

ಆಗ ಮೊದಲ ಭಯ ಹುಟ್ಟಿತು. ಮಾವನ ಬಸ್ಸು ಬರುವುದು ಮಧ್ಯಾಹ್ನ ದಾಟಿದ ಮೇಲೆ. ಎಪ್ರಿಲಿನ ಸೆಕೆ. ಸುಲಿದ ಎಟ್ಟಿ ಅಷ್ಟು ಹೊತ್ತು ಕಾಯುತ್ತದೆಯೇ?

"ಈಗಲೇ ಹುರಿದು ಇಡುವ," ಎಂದೆ.

"ತಣ್ಣಗಾದರೆ ಅದು ದೊರೆಗಳ ಎಟ್ಟಿ ಅಲ್ಲ. ಬಾವಿ ಉಂಟಲ್ಲ? ನೀರಿಗೆ ತಾಗದ ಹಾಗೆ ಒಳಗೆ ಇಳಿಸಿ ಇಡುವ. ಮಂಜುಗಡ್ಡೆಯ ಹಾಗೆ ಇರುತ್ತದೆ."

ಉಪಾಯ ಒಳ್ಳೆಯದೇ. ಪಾತ್ರೆಯ ಬಾಯಿಗೆ ಬಾಳೆಲೆ ಮುಚ್ಚಿ, ಹಿಡಿಗೆ ಹಗ್ಗ ಕಟ್ಟಿದವರು ಶುಕೂರ್. ಇಪ್ಪತ್ತು ವರ್ಷ ಜವಳಿ ಕಟ್ಟು ಕಟ್ಟಿದ ಕೈ. ನಾನು ಗಂಟನ್ನು ನೋಡಲಿಲ್ಲ, ಆ ಕೈಯನ್ನು ನೋಡಿ ಧೈರ್ಯ ತಂದುಕೊಂಡೆ. ಅಂಗಡಿಯ ಗಂಟಿನ ಗುಣ ಏನೆಂದು ಪಾಣೆಮಂಗಳೂರಿನ ಯಾರಿಗೆ ಗೊತ್ತಿಲ್ಲ? ಮನೆಗೆ ಹೋಗಿ ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳಬೇಕು. ಗಿರಾಕಿಗೆ ಕಷ್ಟ ಆಗಬಾರದು.

ಪಾತ್ರೆ ಬಾವಿಯ ಅರ್ಧ ಇಳಿದು, ಕಲ್ಲಿಗೆ ತಾಗಿ, ಹಗ್ಗ ಒಮ್ಮೆ ಎಳೆದ ಹಾಗಾಯಿತು. ಗಂಟು ತನ್ನ ಕರ್ತವ್ಯ ಮಾಡಿತು.

ಕೆಳಗಿನಿಂದ ಸದ್ದು ಬಂತು. ಇಬ್ಬರೂ ಬಗ್ಗಿ ನೋಡಿದೆವು. ನೀರಿನ ಮೇಲೆ ಬಾಳೆಲೆಯೊಂದು ದೋಣಿಯ ಹಾಗೆ ತಿರುಗುತ್ತಿತ್ತು.

"ಮುಳುಗಿತು," ಎಂದರು ಶುಕೂರ್.

"ಎಟ್ಟಿ ಹೋದರೆ ಹೋಗಲಿ. ನೀರು?" ಎಂದೆ ನಾನು. ಬಿಸಿಲಿನಲ್ಲಿ ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ಅದು ತಪ್ಪಿದ ಮನೆಯಲ್ಲಿ ನಮ್ಮ ಹಿರಿಯರು ಜಗಲಿಯಿಂದ ಒಳಗೆ ಕಾಲಿಡುವುದಿಲ್ಲ. ಮನೆ ನೋಡಲೆಂದೇ ಬರುವ ಮನುಷ್ಯನಿಗೆ ಎಟ್ಟಿ ತೊಳೆದ ಬಾವಿಯ ನೀರು ಕೊಡುವುದು ಹೇಗೆ? ಕೊಡಪಾನ ಖಾಲಿ. ಪದ್ಮಾಕ್ಷಿ, ಮಗು ಇಬ್ಬರೂ ಆ ಬಾಳೆಲೆಯ ದೋಣಿ ಹತ್ತಿ ಮೂಡಬಿದ್ರೆಗೆ ತಿರುಗಿ ಹೋಗುತ್ತಿರುವುದು ನನ್ನ ಕಣ್ಣಿಗೆ ಕಂಡಿತು.

"ನಮ್ಮ ಬಾವಿಯಿಂದ ತರಬಹುದು," ಎಂದು ಶುಕೂರ್ ಮೆಲ್ಲನೆ ಹೇಳಿದರು. "ಆದರೆ ಬ್ಯಾರಿಯ ಮನೆಯ ನೀರು ನಿಮ್ಮ ಮಾವನಿಗೆ ಆಗಲಿಕ್ಕಿಲ್ಲ. ಕೇಳಿದರೆ ನೀವು ಸುಳ್ಳು ಹೇಳಬೇಕು. ನೀವು ಸುಳ್ಳು ಹೇಳುವಾಗ ನಿಮ್ಮ ಕಿವಿ ಅಲುಗುತ್ತದೆ, ನಾನು ನೋಡಿದ್ದೇನೆ."

"ಮತ್ತೆ ಏನು ಮಾಡುವುದು?"

"ನೀವು ಹೋಗಿ ಎಲ್ಲಿಂದಾದರೂ ಪಾತಾಳಗರಡಿ ತನ್ನಿ, ಪಾತ್ರೆ ಎತ್ತುವ. ಎಟ್ಟಿಯನ್ನು ನಾನು ಹೆಕ್ಕುತ್ತೇನೆ." ಅಂಗಿ ಕಳಚಿ, ಮುಂಡು ಎತ್ತಿ ಕಟ್ಟಿ, ಕಲ್ಲಿನ ಸಂದುಗಳಲ್ಲಿ ಕಾಲಿಡುತ್ತಾ ಆ ದಪ್ಪ ಮನುಷ್ಯ ಬಾವಿಗೆ ಇಳಿದೇಬಿಟ್ಟರು. ಬೇಸಿಗೆಯಾದ್ದರಿಂದ ನೀರು ಅವರ ಸೊಂಟದವರೆಗೆ ಮಾತ್ರ. "ಗರಡಿ ತಂದ ಮೇಲೆ ಬಾಲ್ದಿ ಇಳಿಸಿ" ಎಂದು ಕೆಳಗಿನಿಂದ ಕೂಗಿದರು.

ಪಾತಾಳಗರಡಿ, ಅದೇ ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು, ನಾಲ್ಕು ಮನೆ ಆಚೆ ಅಮ್ಮಣಿ ಬಾಯಿಯ ಮನೆಯಲ್ಲಿ ಸಿಕ್ಕಿತು. ಅದನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದು ನೋಡುತ್ತೇನೆ, ನಮ್ಮ ಬಾವಿಕಟ್ಟೆಯಲ್ಲಿ ಬಿಳಿ ಮುಂಡಾಸು. ನೋಣಯ್ಯ ಮಾವ. ಗುರುತಿನವರ ಕಾರಿನಲ್ಲಿ ಬೇಗ ಬಂದಿದ್ದರು. ಮನೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಕಾಲು ತೊಳೆಯಲೆಂದು ತಾವೇ ಬಾಲ್ದಿ ಇಳಿಸಿದ್ದರು. ಹಗ್ಗ ಎಳೆಯುತ್ತಿದ್ದರು.

ಬಾಲ್ದಿ ಮೇಲೆ ಬಂತು. ಅದರೊಳಗೆ ನೀರಿರಲಿಲ್ಲ. ಎಟ್ಟಿ ಇತ್ತು.

ಮಾವ ಒಂದು ಎಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿದರು.

"ಜತ್ತಪ್ಪ, ನಿಮ್ಮ ಬಾವಿಯ ಎಟ್ಟಿ ಸಿಪ್ಪೆ ಸುಲಿದು, ಅರಶಿನ ಹಚ್ಚಿಕೊಂಡೇ ಹುಟ್ಟುವುದಾ?"

ನಾನು ಬಾಯಿ ತೆರೆಯುವ ಮೊದಲೇ ಬಾವಿ ಉತ್ತರ ಕೊಟ್ಟಿತು. "ಮಾಸ್ಟ್ರೇ, ಇನ್ನೂ ಸ್ವಲ್ಪ ಉಂಟು. ಬೇಗ ಬಾಲ್ದಿ ಬಿಡಿ. ಆ ಮುದುಕ ಬಸ್ಸಿನಿಂದ ಇಳಿಯುವ ಮೊದಲು ಮುಗಿಸುವ."

ಮಾವ ನನ್ನನ್ನು ನೋಡಿದರು. ನನ್ನ ಹೆಗಲ ಮೇಲಿನ ಪಾತಾಳಗರಡಿಯನ್ನು ನೋಡಿದರು. ಬಾಲ್ದಿ ಖಾಲಿ ಮಾಡಿ ಮತ್ತೆ ಇಳಿಸಿದರು. ಎರಡನೆಯ ಸಲ ಉಳಿದ ಎಟ್ಟಿ ಬಂತು, ಮೂರನೆಯ ಸಲ ಗರಡಿಯ ಕೊಕ್ಕೆಗೆ ಸಿಕ್ಕಿ ಹಿತ್ತಾಳೆ ಪಾತ್ರೆ ಬಂತು. ಕೊನೆಗೆ ಶುಕೂರ್ ಬಂದರು. ಕಟ್ಟೆಯ ಮೇಲೆ ತಲೆ ಎತ್ತಿದವರು ಎದುರಿಗೆ ಮುಂಡಾಸು ಕಂಡು, ಒಂದು ಗಳಿಗೆ ಮತ್ತೆ ಇಳಿಯುವ ಯೋಚನೆ ಮಾಡಿದ್ದು ಅವರ ಮುಖದಲ್ಲೇ ಗೊತ್ತಾಯಿತು.

"ಬ್ಯಾರಿಗಳೇ, ಯಾರಿಗಾಗಿ ಇಳಿದದ್ದು?" ಎಂದು ಮಾವ ಕೇಳಿದರು.

ಶುಕೂರ್ ಗಡ್ಡ ಹಿಂಡಿಕೊಂಡರು. "ಇವರ ಮಗುವನ್ನು ನಾನಿನ್ನೂ ನೋಡಲಿಲ್ಲ. ಅದಕ್ಕೆ."

ಮಾವ ಮುಂಡಾಸು ತೆಗೆದು ಬಾವಿಕಟ್ಟೆಯ ಮೇಲೆ ಇಟ್ಟರು. ಆಮೇಲೆ ಹೇಳಿದರು, "ನಾನು ಬಂದು ಇಷ್ಟು ಹೊತ್ತಾಯಿತು. ಬೆಲ್ಲ ನೀರು ಇನ್ನೂ ಬರಲಿಲ್ಲ."

"ಮಾವ, ನೀರು..."

"ಬಾವಿ ಉಂಟಲ್ಲ."

ತಾವೇ ಸೇದಿದರು. ಲೋಟಕ್ಕೆ ಹೊಯ್ದು, ಹುಬ್ಬು ಏರಿಸಿ, ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು. "ಎಟ್ಟಿಯ ವಾಸನೆ ಇಲ್ಲ," ಎಂದು, ಬೆಲ್ಲ ಕಚ್ಚಿ, ಪೂರ್ತಿ ಕುಡಿದರು. ಒಬ್ಬ ಬ್ಯಾರಿ ಸೊಂಟದವರೆಗೆ ಇಳಿದು ನಿಂತಿದ್ದ ನೀರು. ಆ ಕಾಲದಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಅದನ್ನು ಕುಡಿಯುವುದೆಂದರೆ ಏನೆಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಇನ್ನೊಂದು ಲೋಟ ತುಂಬಿ, ಅದನ್ನೂ ಮೂಸಿ, ಶುಕೂರ್ ಕೈಗೆ ಕೊಟ್ಟರು. "ಕುಡಿಯಿರಿ. ಮುದುಕನ ಕೈಯ ನೀರು."

ದೊರೆಗಳ ಎಟ್ಟಿ ಆ ದಿನ ಆಯಿತು. ಲಿಂಬೆಹುಳಿಯನ್ನು ಎಲ್ಲಿಟ್ಟಿದ್ದೇವೆಂದು ನಾವಿಬ್ಬರು ಹುಡುಕುವಷ್ಟರಲ್ಲಿ ಬಾಣಲೆಯಲ್ಲಿ ಅದು ಚಪ್ಪಲಿಯ ಅಟ್ಟೆಯಾಗಿತ್ತು. ಮಾವ ಒಂದು ಎಟ್ಟಿಯನ್ನು ಬಾಯಿಗೆ ಹಾಕಿ, ಅಗಿದು, ವಿಶ್ರಾಂತಿ ತೆಗೆದುಕೊಂಡು, ಮತ್ತೆ ಅಗಿದರು.

"ಬೊಂಬಾಯಿಯ ದೊರೆಗಳಿಗೆ ಹಲ್ಲು ಗಟ್ಟಿ ಇತ್ತು," ಎಂದರು. "ಅಲ್ಲಿ ನೀವು ಅಡುಗೆಯವರಾ ಬ್ಯಾರಿಗಳೇ?"

"ತಟ್ಟೆ ಬಸಿ ತೊಳೆಯುತ್ತಿದ್ದೆ," ಎಂದರು ಶುಕೂರ್. "ಅಡುಗೆ ಮಾಡುವುದು ಬಾಗಿಲ ಸಂದಿನಿಂದ ಕಾಣುತ್ತಿತ್ತು."

ಹೊರಡುವಾಗ ಮಾವ ಅಂಗಳದಲ್ಲಿ ನಿಂತು ತೀರ್ಪು ಕೊಟ್ಟರು. "ಬರುವ ವಾರ ಪದ್ಮಾಕ್ಷಿಯನ್ನು ಕಳುಹಿಸುತ್ತೇನೆ. ಮನೆ ಚೆನ್ನಾಗಿ ಉಂಟು ಅಂತ ಅಲ್ಲ. ಇನ್ನೊಂದು ತಿಂಗಳು ಬಿಟ್ಟರೆ ನೀವಿಬ್ಬರೂ ಬಾವಿಯಲ್ಲೇ ಸಂಸಾರ ಹೂಡುತ್ತೀರಿ."

ಪದ್ಮಾಕ್ಷಿ ಬಂದಳು. ಮಗುವನ್ನು ಮೊದಲು ಎತ್ತಿಕೊಂಡವರು ಶುಕೂರ್. ಅಂದಿನಿಂದ ನಾನು ಅವರ ಮನೆಗೆ ಹೋದಾಗಲೆಲ್ಲ ಅವರು ನೀರಿನ ಲೋಟವನ್ನು ನೇರ ನನ್ನ ಕೈಗೆ ಕೊಟ್ಟವರಲ್ಲ. ನೋಣಯ್ಯ ಮಾವನ ಹಾಗೆ ಹುಬ್ಬು ಏರಿಸಿ, ಮೂಸಿ, "ವಾಸನೆ ಇಲ್ಲ, ಕುಡಿಯಿರಿ" ಎನ್ನುತ್ತಿದ್ದರು. ಹನ್ನೆರಡು ವರ್ಷ ಅದೇ ತಮಾಷೆ. ಕೆಲವೊಮ್ಮೆ ನನಗೆ ಬೇಸರವೂ ಬಂದದ್ದುಂಟು.

ತೀರಿಕೊಳ್ಳುವ ಹಿಂದಿನ ದಿನ, ಗುರುವಾರ ಸಂಜೆ ಹೋದಾಗ ಅವರಿಗೆ ಮಾತು ನಿಂತಿತ್ತು. ಎದೆ ಮಾತ್ರ ಏಳುತ್ತಾ ಇಳಿಯುತ್ತಾ ಇತ್ತು. ಕಣ್ಣು ಮುಚ್ಚಿಯೇ ಇತ್ತು. ನಾನು ಮಂಚದ ಹತ್ತಿರ ಕೂತೆ. ಸೊಸೆ ರುಕಿಯಾ ತಟ್ಟೆಯಲ್ಲಿ ಬೆಲ್ಲ, ನೀರು ತಂದು ನನ್ನ ಮುಂದೆ ಹಿಡಿದಳು. ಲೋಟ ತಟ್ಟೆಗೆ ತಾಗಿದ ಸದ್ದಿಗೆ ಶುಕೂರ್ ಕಣ್ಣು ತೆರೆದರು. ಕೈ ಎತ್ತಿ ಅವಳನ್ನು ತಡೆದರು. ಅವಳಿಗೆ ಅರ್ಥವಾಗಲಿಲ್ಲ, ನನಗಾಯಿತು. ಲೋಟವನ್ನು ಅವರ ಮುಖದ ಹತ್ತಿರ ಹಿಡಿದೆ. ಅವರು ಹುಬ್ಬು ಏರಿಸಿದರು. ಮೂಸಿದರು. ಆಮೇಲೆ ಒಂದು ಬೆರಳಿನಿಂದ ಲೋಟವನ್ನು ನನ್ನ ಕಡೆಗೆ ತಳ್ಳಿದರು.