ಅಳಿಯ ಮಾರಿದ ವಾರಂಟಿ

ಗದಗದಲ್ಲಿ ಹಳೇ ಕಾರು ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು ನಗೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಹಾರ್ನ್ ಹೊಡೆಯುತ್ತ ಬಂದು ಬಾಗಿಲಲ್ಲಿ ನಿಲ್ಲುತ್ತವೆ. ಕಾರಿನ ಜೊತೆಗೆ ನಾನು ವಾರಂಟಿಯನ್ನೂ ಮಾರುತ್ತೇನೆ. ಕಾರು ತಯಾರಿಸಿದವರ ಹೊಣೆ ಮುಗಿದು ಎಷ್ಟೋ ವರ್ಷಗಳಾದ ಗಾಡಿಗೆ ಬೇರೊಂದು ಕಂಪನಿ ದುಡ್ಡು ತೆಗೆದುಕೊಂಡು ಕೊಡುವ ಭರವಸೆ ಅದು. ತೆಗೆದುಕೊಳ್ಳುವುದು ಒಳ್ಳೆಯದೋ ಬೇಡವೋ ಎಂದು ಎಲ್ಲರೂ ಕೇಳುವುದು ನನ್ನನ್ನೇ. ಮಾರುವವನು ಬೇಡ ಅನ್ನುತ್ತಾನೆಯೇ?

ಮುಂಡರಗಿಯ ಗಿರಾಕಿ

ಮುಂಡರಗಿಯಿಂದ ಬಂದ ಹಿರಿಯರೊಬ್ಬರು ಒಂದು ಹಳೇ ಕಾರು ಒಪ್ಪಿದರು. ನಾನು ವಾರಂಟಿಯ ಮಾತು ತೆಗೆದೆ. "ಇದರಾಗ ಏನೇನು ಬರತಾವ್ರಿ?" ಎಂದರು.

"ಎಂಜಿನ್ ಒಳಗಿನ ಸಾಮಾನು, ಗೇರ್‌ಬಾಕ್ಸ್ ಒಳಗಿನ ಸಾಮಾನು ಬರತಾವ್ರಿ."

"ಮತ್ತ ಟಾಯರ್?"

"ಇಲ್ರಿ."

"ಬ್ಯಾಟರಿ?"

"ಇಲ್ರಿ."

ಬ್ರೇಕು, ಕ್ಲಚ್ಚು, ಬೆಲ್ಟು, ಬಲ್ಬು ಎಂದು ಒಂದೊಂದೇ ಕೇಳಿದರು. ನಾನು ಎಲ್ಲಕ್ಕೂ ಇಲ್ಲ ಎನ್ನುತ್ತ ಬಂದೆ. ಕೊನೆಗೆ ಅವರು ಎದ್ದು ಧೋತರ ಝಾಡಿಸಿಕೊಂಡು, "ಅಂದ್ರ ಕೆಡೂವು ಬಿಟ್ಟು ಉಳಿದದ್ದಕ್ಕೆಲ್ಲಾ ವಾರಂಟಿ ಐತಿ ಅನ್ರಿ!" ಎಂದರು.

ಮಾವನವರ ಫೋನು

ಮುಂಡರಗಿಯ ಹಿರಿಯರು ಬೇಡ ಎಂದು ಹೋದ ವಾರಂಟಿಯನ್ನೇ ನಾನು ಮರುವಾರ ಸ್ವಂತ ಮಾವನವರಿಗೆ ಮಾರಿದೆ. ಅವರ ಊರು ಶಿಗ್ಲಿ. ಅತ್ತೆಯವರಿಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲಾಗದು, ಗದಗಿನ ಡಾಕ್ಟರ ಹತ್ತಿರ ಹೋಗುವುದು ತಪ್ಪದು. ಅದಕ್ಕೇ ನಮ್ಮ ಅಂಗಡಿಯಲ್ಲೇ ಒಂದು ಹಳೇ ಡೀಸೆಲ್ ಗಾಡಿ ಕೊಂಡರು.

"ಅಳಿಯಂದ್ರ, ಈ ವಾರಂಟಿ ಬೇಕೇನ್ರಿ?"

"ಬೇಕ್ರಿ ಮಾವಾರ. ಏನರ ಆದ್ರ ನಾ ಅದೀನಲ್ರಿ."

ಮಾವನವರು ಕಾಗದ ಓದದೆ ಸಹಿ ಹಾಕಿದರು. ಆ ಹೊತ್ತಿನಿಂದ ಅವರ ಗಾಡಿಯ ಜೊತೆ ಆ ಮನೆಯಲ್ಲಿ ನನ್ನ ಮರ್ಯಾದೆಯೂ ಓಡತೊಡಗಿತು. ಅವರ ಹೆಸರು ಫೋನಿನಲ್ಲಿ ಕಂಡಾಗಲೆಲ್ಲ ಗಾಡಿ ನಿಂತಿತೇ ಎಂದು ಹೆದರುತ್ತಿದ್ದೆ.

ಒಂದು ಮುಂಜಾನೆ ಹೆದರಿದ್ದೇ ಆಯಿತು. "ಅಳಿಯಂದ್ರ, ಲಕ್ಷ್ಮೇಶ್ವರದಾಗ ಗಾಡಿ ನಿಂತೈತಿ. ನಿಮ್ಮ ಅತ್ತಿಯವ್ರು ಒಳಗ ಕುಂತಾರ. ಲಗೂನ ವಾರಂಟಿ ತೊಗೊಂಡು ಬರ್ರಿ. ಸಂಗಾಟ ಒಂದು ಹಗ್ಗಾನೂ ಇರ್ಲಿ."

ಬಾನೆಟ್ ಕಾವಲು

ಹೊರಡುವ ಮುಂಚೆ ವಾರಂಟಿ ಕಂಪನಿಗೆ ಫೋನ್ ಮಾಡಿದೆ. "ನಮ್ಮ ಮನುಷ್ಯ ಬಂದು ನೋಡುವವರೆಗೆ ಎಂಜಿನ್ನಿಗೆ ಯಾರೂ ಕೈ ಹಚ್ಚಬಾರದು. ಹಚ್ಚಿದರೆ ಕ್ಲೇಮ್ ಇಲ್ಲ, ದುರಸ್ತಿಯ ದುಡ್ಡು ಸಿಗುವುದಿಲ್ಲ" ಎಂದರು.

ನಮ್ಮ ಕಡೆ ಗಾಡಿ ನಿಂತರೆ ಕೈ ಹಚ್ಚದೆ ಇರುವವರು ಯಾರು? ನಾನು ಬೈಕಿನಲ್ಲಿ ಮುಟ್ಟುವಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ಒಬ್ಬ ನಟ್ ಬಿಚ್ಚುವ ಪಾನಾ ಹಿಡಿದಿದ್ದ, ಇನ್ನೊಬ್ಬ ಅಂಗಿ ತೋಳು ಏರಿಸಿದ್ದ. ಎಲ್ಲರೂ ಪುಕ್ಕಟೆ ಸಹಾಯಕ್ಕೆ ಬಂದ ಪುಣ್ಯಾತ್ಮರು. ನಾನು ಓಡಿಹೋಗಿ ಬಾನೆಟ್ ಮೇಲೆ ಹತ್ತಿ ಕೂತೆ.

"ಇಳೀರಿ ಸರ್, ಬರೇ ಒಂದು ನಟ್ ಬಿಚ್ಚಿ ನೋಡ್ತೀನಿ."

"ಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!"

"ಹಂಗಾರ ಗಾಡಿ ದುರಸ್ತಿ ಆಗೂದು ಬ್ಯಾಡೇನು ನಿಮಗ?"

ಕೆಳಗೆ ಬಾನೆಟ್ ಸುಡುತ್ತಿತ್ತು, ಮೇಲೆ ಬಿಸಿಲು. ಆದರೂ ಇಳಿಯಲಿಲ್ಲ. ಗಾಡಿಯನ್ನು ಶಿಗ್ಲಿಗೆ ಎಳೆದೊಯ್ಯಲು ಟ್ರ್ಯಾಕ್ಟರ್ ಬರುವವರೆಗೆ ಹಾಗೇ ಕೂತಿದ್ದೆ. ಚಹಾದಂಗಡಿಯ ಮುದುಕ ಮಾವನವರ ಹತ್ತಿರ ಬಂದು, "ಇವ್ರು ಯಾರ್ರಿ?" ಎಂದು ಕೇಳಿದ. ಮಾವನವರು ನೆಲ ನೋಡುತ್ತ, "ನಮ್ಮ ಅಳಿಯಂದ್ರು" ಎಂದರು. ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣು ಕೊಟ್ಟಾಗ ಹಿಂಗ ಇದ್ರೇನ್ರಿ?" ಅಂದ.

ಅತ್ತೆಯವರ ಟಿಕಳಿ

ಮರುದಿನ ಶಿಗ್ಲಿಗೆ ವಾರಂಟಿ ಕಂಪನಿಯ ಪರೀಕ್ಷಕರೊಬ್ಬರು ಬರುವವರಿದ್ದರು. ಅವರು ಬರುವ ಮೊದಲು ಒಮ್ಮೆ ನೋಡಿಬಿಡೋಣವೆಂದು ಗಾಡಿಯಲ್ಲಿ ಕೂತರೆ, ಸ್ಟಿಯರಿಂಗ್ ಹಿಂದೆ ದೀಪಗಳಿರುವ ಜಾಗದಲ್ಲಿ ಒಂದು ಕೆಂಪು ಟಿಕಳಿ ಕಂಡಿತು. ಹೆಂಗಸರು ಹಣೆಗೆ ಹಚ್ಚಿಕೊಳ್ಳುವ ಅದೇ ಟಿಕಳಿ.

"ಇದೇನ್ರಿ ಅತ್ತಿ?"

"ಅಲ್ಲೊಂದು ಹಳದಿ ದೀಪ ಉರೀತಿತ್ರಿ ಅಳಿಯಂದ್ರ. ಇವ್ರು ದಾರಿ ಬಿಟ್ಟು ಅದನ್ನ ನೋಡಾಕತ್ತಿದ್ರು. ಎಲ್ಲೆರ ಗಿಡಕ್ಕ ಹಾಯಿಸ್ಯಾರು ಅಂತ ನಾನ ಮುಚ್ಚೇನಿ. ಆವತ್ತಿಂದ ಆರಾಮ ಓಡಸ್ತಾರ."

ಅದು ಎಂಜಿನ್ ಕೆಡುತ್ತಿದೆ ಎಂದು ಎಚ್ಚರಿಸುವ ದೀಪ. ಅದು ಹತ್ತಿದ ಮೇಲೂ ಗಾಡಿ ಓಡಿಸಿದರೆ ವಾರಂಟಿ ಅಲ್ಲಿಗೆ ಮುಗಿಯಿತು. ಕಿತ್ತುಬಿಡಲೇ ಎಂದು ಉಗುರು ಹಾಕಿದೆ. ಅಷ್ಟರಲ್ಲಿ ಪರೀಕ್ಷಕರ ಕಾರು ಅಂಗಳಕ್ಕೆ ಬಂತು.

ಆದರೆ ಆ ಮನೆಯಲ್ಲಿ ಬಂದವರಿಗೆ ಮೊದಲು ಊಟ, ಕೆಲಸ ಆಮೇಲೆ. ಅತ್ತೆಯವರು ಕುಂಟುತ್ತಲೇ ಓಡಾಡಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸಿದರು. ಪರೀಕ್ಷಕರು ಸಾಕು ಸಾಕು ಎನ್ನುತ್ತ ಎಲ್ಲವನ್ನೂ ಉಂಡರು. ಪಕ್ಕದಲ್ಲಿ ಕೂತ ನಾನು ಮಾತ್ರ ಕಿಟಕಿಯಿಂದ ಗಾಡಿಯನ್ನೇ ನೋಡುತ್ತಿದ್ದೆ.

ಕೈ ತೊಳೆದು ಅವರು ಗಾಡಿಯ ಬಾಗಿಲು ತೆಗೆದರು. ಟಿಕಳಿ ಕಂಡಿತು. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆಯವರು ಹೆಮ್ಮೆಯಿಂದ ಎಲ್ಲ ಹೇಳಿದರು. ಪರೀಕ್ಷಕರು ಕಾಗದದಲ್ಲಿ ಏನೋ ಬರೆದುಕೊಂಡು, "ತಪ್ಪು ತಿಳೀಬ್ಯಾಡ್ರಿ ಅಮ್ಮಾರ. ಹೋಳಿಗಿ ಬಾಳ ಛಲೋ ಇದ್ದೂರಿ, ಆದ್ರ ಕ್ಲೇಮ್ ಪಾಸ್ ಆಗೂದಿಲ್ರಿ" ಎಂದರು.

ಬೀಳ್ಕೊಡುಗೆ

ಮಾವನವರು ಅಂದು ಓದದೆ ಸಹಿ ಹಾಕಿದ ಕಾಗದ ತಂದು ಈಗ ಓದತೊಡಗಿದರು. ಬೈದಿದ್ದರೆ ಹಗುರಾಗುತ್ತಿತ್ತು. "ಎಂಜಿನ್ ನಾ ಮಾಡಿಸಿ ಕೊಡ್ತೀನ್ರಿ ಮಾವಾರ" ಎಂದೆ. ಅವರು ಹಾಳೆ ತಿರುವಿದರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

ಪರೀಕ್ಷಕರು ಹೊರಟರು. ಅವರ ಕಾರೂ ಹಳೆಯದೇ. ಚಾವಿ ತಿರುವಿದರೆ ಕೆಮ್ಮಿ ನಿಂತಿತು, ಎರಡನೇ ಸಲಕ್ಕೆ ಗುರ್ ಎಂದಿತು. ಬೀಳ್ಕೊಡಲು ಕಿಟಕಿಗೆ ಬಗ್ಗಿದ ಮಾವನವರು ಒಳಗೆ ಕಣ್ಣು ಕಿರಿದು ಮಾಡಿ ನೋಡಿದರು.

"ಸಾಹೇಬ್ರ, ನಿಮ್ಮದೂ ಹಳದಿ ದೀಪ ಉರಿಯಾಕತ್ತೈತಲ್ರಿ?"

"ಹೌದ್ರಿ ಯಜಮಾನ್ರ, ಬಾಳ ದಿನ ಆತು."

"ಮತ್ತ ವಾರಂಟಿ ಐತೇನ್ರಿ?"

ಪರೀಕ್ಷಕರು ಹೊಟ್ಟೆ ತುಂಬಿದ ಖುಷಿಯಲ್ಲಿ ನಕ್ಕುಬಿಟ್ಟರು. "ಹಳೇ ಗಾಡಿಗೆ ಅದನ್ನ ಯಾರು ತೊಗೋತಾರ್ರಿ!"

ಮಾವನವರು ನಿಧಾನಕ್ಕೆ ನೆಟ್ಟಗಾಗಿ ನನ್ನ ಕಡೆ ತಿರುಗಿದರು. ನಾನು ಗೋಡೆ ನೋಡಿದೆ. ಆಗ ನನ್ನ ಮಾನ ಉಳಿಸಲು ಆ ಮನೆಯಲ್ಲಿ ಮುಂದೆ ಬಂದವರು ಅತ್ತೆಯವರೊಬ್ಬರೇ. ಮೊಣಕಾಲು ಹಿಡಿದುಕೊಂಡು ಕಾರಿನ ಹತ್ತಿರ ಹೋಗಿ ಅಕ್ಕರೆಯಿಂದ ಹೇಳಿದರು:

"ಹಂಗ ಅನಬ್ಯಾಡ್ರಿ ಸಾಹೇಬ್ರ, ನೀವೂ ಒಂದು ತೊಗೊಂಡುಬಿಡ್ರಿ. ನಮ್ಮ ಅಳಿಯಂದ್ರ ಕಡೆ ಸಿಗತಾವು. ನಮಗೂ ಅವ್ರ ಕೊಟ್ಟದ್ದು!"