ಕಲ್ಲಿನ ಈಚೆಗೆ ಬಿದ್ದ ಮರ

ಬೆಳಗ್ಗೆ ಆರಕ್ಕೆ ಮರ ಬಿತ್ತು. ಗಾಳಿ ಇರಲಿಲ್ಲ, ಮಳೆಯೂ ಇರಲಿಲ್ಲ. ನಿಂತು ನಿಂತು ಬೇಸರ ಬಂದು ಮಲಗಿಕೊಂಡಂತೆ ಬಿತ್ತು. ಬೀಳುವುದು ಐದು ಹೆಜ್ಜೆ ಆಚೆ ಬಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಸರಹದ್ದಿನ ಕಲ್ಲಿನಿಂದ ನಾಲ್ಕು ಹೆಜ್ಜೆ ಈಚೆಗೆ, ಮೇಸ್ತ್ರಿಯ ಪಾಲಿನ ರಸ್ತೆಗೆ ಅಡ್ಡಲಾಗಿ ಬಿತ್ತು.

ಅದು ರಾಜ್ಯ ಸರ್ಕಾರ ನೋಡಿಕೊಳ್ಳುವ ರಸ್ತೆ. ಅಂದರೆ ಸರ್ಕಾರ ವರ್ಷಕ್ಕೊಮ್ಮೆ ಜೀಪಿನಲ್ಲಿ ಬಂದು ಅದನ್ನು ನೋಡಿಕೊಂಡು ಹೋಗುತ್ತದೆ. ನಕ್ಷೆಯಲ್ಲಿ ಕೂದಲೆಳೆಯಷ್ಟು ತೆಳ್ಳಗಿದ್ದ ಆ ರಸ್ತೆ, ನಕ್ಷೆಯನ್ನು ಮಡಚಿ ಮಡಚಿ ಅರ್ಧ ಅಳಿಸಿಯೂ ಹೋಗಿತ್ತು. ಕಲ್ಲಿನವರೆಗೆ ರಸ್ತೆಯ ದುರಸ್ತಿ ಮೇಸ್ತ್ರಿಯದು. ಕಲ್ಲಿನಿಂದಾಚೆ ಅವನ ಹೆಂಡತಿಯ ತಮ್ಮನದು. ಭಾಮೈದನಿಗೆ ಆ ಕೆಲಸ ಕೊಡಿಸಿದ್ದು ತಾನೇ ಎಂದು ಮೇಸ್ತ್ರಿ ವಾರಕ್ಕೆರಡು ಸಲ ಎಲ್ಲರಿಗೂ ನೆನಪಿಸುತ್ತಿದ್ದ.

ಮಧ್ಯಾಹ್ನ ನಾಲ್ಕಕ್ಕೆ ದೊಡ್ಡ ಸಾಹೇಬರು ಆ ದಾರಿಯಲ್ಲಿ ಬರುವವರಿದ್ದರು. ಮೇಸ್ತ್ರಿಗೆ ಆಗಲೇ ಎರಡು ಮೆಮೊ ಬಂದಿದ್ದವು: ಮೊದಲನೆಯದು ಗುಂಡಿ ಮುಚ್ಚದ್ದಕ್ಕೆ, ಎರಡನೆಯದು ಮೊದಲನೆಯದಕ್ಕೆ ಬರೆದ ಉತ್ತರದ ಭಾಷೆಗೆ. ಮೂರನೆಯದು ಬಂದರೆ ಮೇಸ್ತ್ರಿಗಿರಿ ಹೋಗಿ ಆಳಿನ ಕೆಲಸವೇ ಗತಿ.

ಅವನು ಉಗ್ರಾಣಕ್ಕೆ ಫೋನು ಮಾಡಿದ. ಗರಗಸ ಇದೆ, ಕೊಡಲು ಅರ್ಜಿ ಬೇಕು, ಅರ್ಜಿಗೆ ನಮೂನೆ ಬೇಕು, ನಮೂನೆ ಮುಗಿದಿದೆ. ಇದ್ದ ಇಬ್ಬರು ಆಳುಗಳಲ್ಲಿ ಒಬ್ಬ ರಜೆಯಲ್ಲಿದ್ದ. ಇನ್ನೊಬ್ಬನಿಗೆ ಮರದ ಗಾತ್ರ ನೋಡಿದ ಕೂಡಲೇ ಸೊಂಟ ಹಿಡಿದುಕೊಂಡಿತು.

ಅಷ್ಟರಲ್ಲಿ ನಿವೃತ್ತ ಗಣಿತದ ಮೇಷ್ಟ್ರು ವಾಯುಸೇವನೆಗೆಂದು ಬಂದವರು ಬಿಟ್ಟಿ ಬುದ್ಧಿ ಹೇಳಲು ನಿಂತರು. ಮೂವತ್ತು ವರ್ಷ ಮಕ್ಕಳಿಗೆ ಹೇಳಿ ಮುಗಿಯದೆ ಉಳಿದದ್ದು ಅವರಲ್ಲಿ ಬೇಕಾದಷ್ಟಿತ್ತು.

"ಮರ ಎಷ್ಟು ತೂಕ ಇರಬಹುದಯ್ಯಾ?"

"ನಾಲ್ಕೈದು ಟನ್ ಇದ್ದೀತು ಸಾರ್."

"ಕಲ್ಲು?"

"ಎರಡು ಕ್ವಿಂಟಾಲ್."

"ಮತ್ತೆ? ಹಗುರ ಯಾವುದೋ ಅದನ್ನ ಸರಿಸು. ಕಲ್ಲು ಈಚೆ ಬಂದ್ರೆ ಮರ ತಾನಾಗೇ ಆಚೆಯವರದ್ದು."

ಮೇಸ್ತ್ರಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಇಷ್ಟು ಸುಲಭದ ಲೆಕ್ಕ ತನಗೇಕೆ ಹೊಳೆಯಲಿಲ್ಲ!

ಹೊಳೆಯದಿದ್ದರೇ ಚೆನ್ನಾಗಿತ್ತು. ಕಲ್ಲು ಮೇಲೆ ಮೊಣಕಾಲುದ್ದ ಇತ್ತು, ಕೆಳಗೆ ಆಳುದ್ದ ಇತ್ತು. ರಸ್ತೆಗೆ ಹಾಕಬೇಕಾದ ಜಲ್ಲಿ ಸಿಮೆಂಟನ್ನೆಲ್ಲ ಯಾವನೋ ಪುಣ್ಯಾತ್ಮ ಅದರ ಬುಡಕ್ಕೇ ಸುರಿದಿದ್ದ. ಮೇಸ್ತ್ರಿ ಒಂಬತ್ತು ಗಂಟೆಯವರೆಗೆ ಅಗೆದ. ಅಂಗಿ ಹಿಂಡಿದರೆ ಬಕೆಟ್ಟು ತುಂಬುವಷ್ಟು ಬೆವರಿದ. ಕ್ಷೌರದಂಗಡಿಯವನು ಗಿರಾಕಿಯ ಒಂದು ಕೆನ್ನೆ ಮಾತ್ರ ಬೋಳಿಸಿ ಓಡಿಬಂದಿದ್ದ. ಗಿರಾಕಿಯೂ ನೊರೆ ಮೆತ್ತಿದ ಇನ್ನೊಂದು ಕೆನ್ನೆಯೊಡನೆ ಹಿಂದೆಯೇ ಬಂದಿದ್ದ.

"ಹಾಗಲ್ಲ ಮೇಸ್ತ್ರಿ, ಹಾರೆ ಓರೆ ಹಿಡಿ," ಎಂದ ಕ್ಷೌರದವನು.

"ನೀನು ಕತ್ತರಿ ಹಿಡಿಯೋದನ್ನ ನಾನು ಹೇಳಿಕೊಡ್ತೀನಾ?"

"ಹೇಳಿಕೊಟ್ರೆ ಕಲೀತಿದ್ದೆ. ನಿನ್ನ ಹಾಗಲ್ಲ ನಾನು."

ಹತ್ತಕ್ಕೆ ಬಸ್ಸು ಬಂತು. ಮರ ನೋಡಿ ನಿಂತಿತು. ಇಳಿದ ಇಪ್ಪತ್ತು ಜನರಲ್ಲಿ ಒಬ್ಬ ಬಡಗಿ. ಹೆಗಲ ಚೀಲದಲ್ಲಿ ಗರಗಸವಿತ್ತು.

"ಅಣ್ಣಾ, ಇಬ್ಬರು ಕೈ ಹಾಕಿದ್ರೆ ಒಂದು ಗಂಟೇಲಿ ಕೊಯ್ದು ಹಾಕ್ತೀನಿ. ಬಸ್ಸು ಹೋದ್ರೆ ಸಾಕು, ಏನೂ ಕೊಡಬೇಡ."

ಮೇಸ್ತ್ರಿ ಅವನನ್ನು ಕಳ್ಳನನ್ನು ನೋಡುವಂತೆ ನೋಡಿದ. "ಖಾಸಗಿ ಗರಗಸ ಸರ್ಕಾರಿ ಮರಕ್ಕೆ ತಾಗಿಸಿದ್ರೆ ಏನಾಗುತ್ತೆ ಗೊತ್ತೇನಯ್ಯಾ? ಕೈಲಾದ್ರೆ ಈ ಕಲ್ಲಿಗೆ ಕೈ ಹಾಕು."

ಒಂದು ಮರವನ್ನು ಮೂರು ಸಲ ಕಡಿಯಬಹುದಾದಷ್ಟು ಜನ ಸೇರಿ ಒಂದು ಕಲ್ಲನ್ನು ಕಿತ್ತರು. ಕಿತ್ತ ಮೇಲೆ ನೆಡಬೇಕಲ್ಲ? ಹತ್ತು ಹೆಜ್ಜೆ ಈಚೆ ಅಗೆದರೆ ಬಂಡೆ. ಇಪ್ಪತ್ತು ಹೆಜ್ಜೆ ಈಚೆ ಅಗೆದರೂ ಬಂಡೆ. ಕಲ್ಲನ್ನು ಹೊರುವುದು, ಇಳಿಸುವುದು, ಅಗೆಯುವುದು, ಬೈಯುವುದು. ಕೊನೆಗೆ ಗುದ್ದಲಿ ಇಳಿದದ್ದು ಕ್ಷೌರದಂಗಡಿಯ ಮುಂದೆ ಮಾತ್ರ. ಅಲ್ಲಿ ಇಪ್ಪತ್ತು ವರ್ಷದ ಸೋಪಿನ ನೀರು ಕುಡಿದು ನೆಲ ಮೆತ್ತಗಾಗಿತ್ತು. ಅದು ಮೊದಲಿನ ಜಾಗದಿಂದ ತೊಂಬತ್ತು ಮೀಟರ್ ದೂರ.

"ಸ್ವಲ್ಪ ಜಾಸ್ತಿ ಆಯ್ತು," ಎಂದರು ಮೇಷ್ಟ್ರು.

"ಜಾಸ್ತಿ ಆದ್ರೆ ಒಳ್ಳೇದೇ ಸಾರ್, ಅಷ್ಟು ರಸ್ತೆ ಕಮ್ಮಿ ನೋಡಿಕೊಂಡ್ರಾಯ್ತು," ಎಂದ ಮೇಸ್ತ್ರಿ.

ಬಸ್ಸಿನವರು ಕಾದು ಕಾದು, ಶಾಪ ಹಾಕಿ, ನಡೆದು ಹೋದರು. ಖಾಲಿ ಬಸ್ಸು ಬಂದ ದಾರಿಗೆ ಮರಳಿತು. ಹೊಸ ಮಣ್ಣು ಹಳೆಯದಾಗಿ ಕಾಣಲೆಂದು ಕ್ಷೌರದವನು ಕೂದಲು ಗುಡಿಸಿ ಕಲ್ಲಿನ ಸುತ್ತ ಹರಡಿದ. ಕಲ್ಲಿಗೆ ಗಡ್ಡ ಬಂದಂತಾಯಿತು.

ಒಂದು ಗಂಟೆಗೆ ಮೇಸ್ತ್ರಿಯ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಕಲ್ಲು ನೋಡಿದಳು, ಮರ ನೋಡಿದಳು, ಗಂಡನನ್ನು ನೋಡಿದಳು.

"ನಿಮಗೇನಾದ್ರೂ ಮರ್ಯಾದೆ ಇದೆಯಾ? ಈ ಮರ ತಗೊಂಡು ಹೋಗಿ ನನ್ನ ತಮ್ಮನ ತಲೆಗೆ ಕಟ್ತೀರಾ?"

"ನಾನೆಲ್ಲಿ ಕಟ್ಟಿದೆ? ಕಲ್ಲು ಎಲ್ಲಿದೆ ನೋಡು."

"ನೋಡ್ದೆ. ನಿಮ್ಮ ತಲೆ ಒಳಗಿದ್ದದ್ದು ಹೊರಗೆ ಬಂದಿದೆ."

ಡಬ್ಬಿ ತೆರೆಯದೆಯೇ ಅವಳು ತಮ್ಮನಿಗೆ ಫೋನು ಮಾಡಿದಳು. ಅವನು ಸುತ್ತುದಾರಿಯಿಂದ ಸ್ಕೂಟರಿನಲ್ಲಿ ಬಂದ. ಜಗಳ ನೋಡಲು ಮೇಷ್ಟ್ರು ಆಯಕಟ್ಟಿನ ಜಾಗ ಹಿಡಿದರು. ಆದರೆ ಭಾಮೈದ ಹಳೆಯ ಗುಂಡಿಯಿಂದ ಹೊಸ ಕಲ್ಲಿನವರೆಗೆ ಮೆಲ್ಲಗೆ ಹೆಜ್ಜೆ ಎಣಿಸುತ್ತ ಬಂದು, ನಕ್ಕು, "ಆಯ್ತು ಭಾವ. ಕಲ್ಲು ಎಲ್ಲಿದೆಯೋ ಅಲ್ಲಿಂದ ನನ್ನದು. ಮರ ನನ್ನ ತಲೆಗಿರಲಿ. ಈ ಕಲ್ಲು ಮೊದಲಿಂದ್ಲೂ ಇಲ್ಲೇ ಇದೆ ಅಂತ ಒಂದು ಸಾಲು ಬರೆದುಕೊಡಿ, ಸಾಕು," ಎಂದ.

ಮೇಸ್ತ್ರಿ ಬರೆದುಕೊಟ್ಟ. ಮೇಷ್ಟ್ರು, ಕ್ಷೌರದವನು ಇಬ್ಬರೂ ಸಾಕ್ಷಿ ಹಾಕಿದರು. "ಹುಡುಗ ಮೆದು. ಇಲಾಖೇಲಿ ಉದ್ಧಾರ ಆಗಲ್ಲ," ಎಂದು ಮೇಸ್ತ್ರಿ ಮರುಕಪಟ್ಟ.

ಸರಿಯಾಗಿ ನಾಲ್ಕಕ್ಕೆ ಜೀಪು ಬಂತು. ದೊಡ್ಡ ಸಾಹೇಬರು ಇಳಿದು ಮರವನ್ನು ಕಣ್ಣೆತ್ತಿಯೂ ನೋಡಲಿಲ್ಲ. ನೇರ ಕಲ್ಲಿನ ಬಳಿ ಬಂದರು.

"ಸುತ್ತೋಲೆ ಓದಿದ್ದೀರಲ್ಲ? ಇನ್ಮೇಲೆ ಎರಡು ಪಾಲು ಸೇರಿ ಒಂದೇ. ಯಾರ ಪಾಲು ಉದ್ದವೋ ಅವರು ಮೇಸ್ತ್ರಿ, ಇನ್ನೊಬ್ಬರು ಅವರ ಕೈಕೆಳಗೆ ಆಳು. ಅದನ್ನ ಅಳೆಯೋಕೇ ಬಂದಿದೀನಿ."

ಮೇಸ್ತ್ರಿ ಸುತ್ತೋಲೆ ಓದುವವನಲ್ಲ.

ಸಾಹೇಬರು ಜೀಪಿನ ಮೀಟರು ನೋಡಿ ಬಂದು, ಕಾಗದ ಬಿಡಿಸಿ, ಮೇಸ್ತ್ರಿಯ ಕಡೆ ತಿರುಗಿದರು. "ದಾಖಲೆ ಪ್ರಕಾರ ನಿಮ್ಮದೇ ನೂರು ಮೀಟರ್ ಹೆಚ್ಚಿರಬೇಕಿತ್ತು. ಈ ಕಲ್ಲು ನೋಡಿದ್ರೆ ಅವರದ್ದಕ್ಕಿಂತ ಎಂಬತ್ತು ಮೀಟರ್ ಕಮ್ಮಿ ಬರುತ್ತಲ್ಲ?"

"ಸಾರ್, ಕಲ್ಲು... ಕಲ್ಲು ಅಲ್ಲಿತ್ತು..."

"ಅಂದ್ರೆ ಸರ್ಕಾರಿ ಕಲ್ಲು ಯಾರೋ ಕಿತ್ತಿದ್ದಾರೆ ಅಂತೀರಾ? ಹಾಗಿದ್ರೆ ಪೊಲೀಸರನ್ನ ಕರೆಸ್ತೀನಿ."

ಭಾಮೈದ ವಿನಯದಿಂದ ಚೀಟಿ ಮುಂದೆ ಹಿಡಿದ. ಸಾಹೇಬರು ಓದಿ, "ಇದು ನಿಮ್ಮದೇ ರುಜು ತಾನೇ?" ಎಂದರು. ಮೇಸ್ತ್ರಿ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

"ನನ್ನದೇ ಸಾರ್."

"ಸರಿ ಹಾಗಾದ್ರೆ." ಸಾಹೇಬರು ಹೊಸ ಮೇಸ್ತ್ರಿಯ ಕೈ ಕುಲುಕಿ ಜೀಪು ಹತ್ತಿದರು. ಆಮೇಲೆ ಮರದ ಕಡೆ ಬೆರಳು ಮಾಡಿ, "ಕತ್ತಲೆ ಒಳಗೆ ಇದನ್ನ ತೆಗೆಸಿಬಿಡಿ," ಎಂದರು.

"ತೆಗೆಸ್ತೀನಿ ಸಾರ್, ನನ್ನ ಆಳು ಇಲ್ಲೇ ಇದ್ದಾರೆ," ಎಂದ ಭಾಮೈದ. ಸ್ಕೂಟರಿನಿಂದ ಕೊಡಲಿ ತಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಬೇಜಾರು ಮಾಡ್ಕೋಬೇಡಿ ಭಾವ. ಬುಡದ ಕಡೆಯಿಂದ ಶುರು ಮಾಡಿ."

ಹೆಂಡತಿ ಊಟದ ಡಬ್ಬಿ ತೆರೆದು ತಮ್ಮನ ಮುಂದಿಟ್ಟಳು. "ನೀನು ಕೂತ್ಕೊಂಡು ತಿನ್ನಪ್ಪ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಅವನು ತಿಂದು ಏಳೋದ್ರೊಳಗೆ ಒಂದು ಕೊಂಬೆನಾದ್ರೂ ಕಡಿದಿರಿ. ನೋಡಿದವರು ಕೆಲಸಗಳ್ಳ ಅಂದಾರು."